ಆರು ಭಾನುವಾರ, 1,800 ರೂಪಾಯಿ, ಒಂದು ಗಟ್ಟಿ ಕುರ್ಚಿ

ಮೊದಲೇ ಹೇಳಿಬಿಡುತ್ತೇನೆ. ನನಗೆ ಕ್ರಿಕೆಟ್ ಅರ್ಥವಾಗುವುದಿಲ್ಲ. ಎಲ್‌ಬಿಡಬ್ಲ್ಯೂ ಅಂದರೆ ಏನು ಅಂತ ಮಗ ನಾಲ್ಕು ಸಲ ಹೇಳಿಕೊಟ್ಟಿದ್ದಾನೆ, ನಾಲ್ಕು ಸಲವೂ ಮರೆತಿದ್ದೇನೆ. ಆದರೆ ನಮ್ಮ ಮನೆಯ ಒಲೆ ಉರಿಯುವುದು ಕ್ರಿಕೆಟ್‌ನಿಂದಲೇ. ಅಗ್ರಹಾರದ ಹತ್ತಿರ ನನ್ನದೊಂದು ಜೆರ್ಸಿ ಅಂಗಡಿ ಇದೆ. ಬಟ್ಟೆ ತಿರುಪ್ಪೂರಿನಿಂದ ಬರುತ್ತದೆ, ಹೊಲಿಗೆ ಮತ್ತು ಪ್ರಿಂಟ್ ನಮ್ಮದು. ಮೈಸೂರಿನಲ್ಲಿ ಬಡಾವಣೆಗೊಂದು ಪ್ರೀಮಿಯರ್ ಲೀಗ್. ಗಣೇಶನ ಹಬ್ಬಕ್ಕೆ ಒಂದು, ರಾಜ್ಯೋತ್ಸವಕ್ಕೆ ಒಂದು, ಯಾರದೋ ಹುಟ್ಟುಹಬ್ಬಕ್ಕೆ ಇನ್ನೊಂದು. ಪ್ರತಿ ಟೀಮಿಗೂ ಹದಿನೈದು ಜೆರ್ಸಿ, ಬೆನ್ನ ಮೇಲೆ ಹೆಸರು, ನಂಬರು. 7 ಮತ್ತು 18ಕ್ಕೆ ಪ್ರತಿ ಸಲವೂ ಜಗಳ.

ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಆಟದಲ್ಲಿ ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಈಚೆಗೆ ಒಬ್ಬ ಗಿರಾಕಿ ಜೆರ್ಸಿ ಒಯ್ಯಲು ಬಂದವನು ಒಂದು ಪಾಂಪ್ಲೆಟ್ ಕೊಟ್ಟ. ಸರಸ್ವತಿಪುರಂನಲ್ಲಿ ಆರು ಭಾನುವಾರ, ಬೆಳಗ್ಗೆ ಹನ್ನೊಂದರಿಂದ ಒಂದು ಗಂಟೆವರೆಗೆ, 'ಆಟದ ಹಣಕಾಸು, ಹೊಸಬರಿಗೆ'. ಪೂರ್ತಿ ಕನ್ನಡದಲ್ಲಿ. ಶುಲ್ಕ 1,800 ರೂಪಾಯಿ. ಭಾನುವಾರ ಅಂಗಡಿ ಮಧ್ಯಾಹ್ನದ ಮೇಲೆ ತೆಗೆಯುವುದು, ಹಾಗಾಗಿ ಸೇರಿಕೊಂಡೆ. ಕ್ಲಾಸ್ ಮುಗಿಯಿತು. ಸೇರಬೇಕಾ ಬೇಡವಾ ಅಂತ ಮೂರ್ನಾಲ್ಕು ಜನ ಕೇಳಿದರು. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ಜಾಗದ ಬಗ್ಗೆ ಮೊದಲು. ಮೊದಲ ಮಹಡಿ, ಟ್ಯೂಷನ್ ಸೆಂಟರ್. ಲಿಫ್ಟ್ ಇಲ್ಲ. ಕುರ್ಚಿಗಳು ಹೈಸ್ಕೂಲ್ ಮಕ್ಕಳ ಅಳತೆಯವು, ಬರೆಯಲು ಬಲಗಡೆ ಒಂದು ಹಲಗೆ. ನನ್ನಂಥವರಿಗೆ ಒಳಗೆ ಹೋಗುವುದು ಸುಲಭ, ಈಚೆ ಬರುವುದು ಕಷ್ಟ. ಎರಡು ಗಂಟೆ ಕೂತರೆ ಸೊಂಟ ಮಾತಾಡುತ್ತದೆ. ಕೆಳಗೆ ಸ್ಕೂಟರ್ ನಿಲ್ಲಿಸಲು ಜಾಗ ಇದೆ, ಕಾರಿಗೆ ಇಲ್ಲ. ನಡುವೆ ಹತ್ತು ನಿಮಿಷ ಬಿಡುವು, ಕಾಫಿ ಚೆನ್ನಾಗಿತ್ತು. ಮೊದಲ ವಾರ ಕೋಡುಬಳೆ ಕೊಟ್ಟರು, ಎರಡನೇ ವಾರದಿಂದ ಗ್ಲೂಕೋಸ್ ಬಿಸ್ಕತ್ತು. ಆರಂಭದ ಆಸಕ್ತಿ ಎಲ್ಲ ಕಡೆಯೂ ಹೀಗೇ ಅಲ್ವಾ.

ಇಪ್ಪತ್ತೆರಡು ಜನ ಇದ್ದೆವು. ಮುಕ್ಕಾಲು ಪಾಲು ಕಾಲೇಜು ಹುಡುಗರು. ಒಬ್ಬರು ಪಿ.ಟಿ. ಮೇಷ್ಟ್ರು, ಒಬ್ಬ ರಿಟೈರ್ಡ್ ಬ್ಯಾಂಕ್ ಆಫೀಸರ್, ಮಂಡ್ಯದಿಂದ ರೈಲಿನಲ್ಲಿ ಬರುತ್ತಿದ್ದ ಒಬ್ಬ ಕಬಡ್ಡಿ ಕೋಚ್. ಹೆಂಗಸರು ನಾವು ಮೂವರು. ಪಾಠ ಮಾಡಿದವರು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿ ನಿವೃತ್ತರಾದವರು. ನಾವೆಲ್ಲ ಮೇಷ್ಟ್ರು ಅಂತಲೇ ಕರೆದೆವು, ಇಲ್ಲೂ ಹಾಗೇ ಬರೆಯುತ್ತೇನೆ.

ಮೊದಲ ಕ್ಲಾಸಿನಲ್ಲಿ ಅವರು ನನ್ನನ್ನೇ ಹಿಡಿದರು. 'ನಿಮ್ಮ ಬೀದಿಯಲ್ಲಿ ಇನ್ನೊಂದು ಜೆರ್ಸಿ ಅಂಗಡಿ ಇದೆಯಾ?' ಇದೆ ಅಂದೆ. 'ಅದು ನಾಳೆ ಮುಚ್ಚಿದರೆ?' ಖುಷಿಯಾಗುತ್ತೆ, ಬಾಯಲ್ಲಿ ಅಯ್ಯೋ ಪಾಪ ಅಂತೀನಿ ಅಂದೆ. ಎಲ್ಲರೂ ನಕ್ಕರು. ಮೇಷ್ಟ್ರು ಬೋರ್ಡಿನ ಮೇಲೆ ಎರಡು ಹೆಸರು ಬರೆದರು: ಜೋ ಲೂಯಿಸ್, ಮ್ಯಾಕ್ಸ್ ಶ್ಮೆಲಿಂಗ್. ಇಬ್ಬರೂ ಹೆವಿವೇಟ್ ಬಾಕ್ಸರ್‌ಗಳು. 1936ರಲ್ಲಿ ಜರ್ಮನಿಯ ಶ್ಮೆಲಿಂಗ್ ಅಮೆರಿಕದ ಲೂಯಿಸ್‌ನನ್ನು ಕೆಡವಿದ. 1938ರಲ್ಲಿ ಮತ್ತೆ ಎದುರಾದಾಗ ಲೂಯಿಸ್ ಮೊದಲ ಸುತ್ತಿನಲ್ಲೇ ಮುಗಿಸಿಬಿಟ್ಟ. ಆ ಎರಡನೇ ಪಂದ್ಯವನ್ನು ಜನ ಅಷ್ಟು ಕಾತರದಿಂದ ಕಾದದ್ದು ಯಾಕೆ? ಮೊದಲ ಸಲ ಲೂಯಿಸ್ ಸೋತಿದ್ದ, ಅದಕ್ಕೇ. ಎಲ್ಲರನ್ನೂ ಸುಲಭವಾಗಿ ಹೊಡೆದುಹಾಕುವ ಬಾಕ್ಸರ್‌ನನ್ನು ನೋಡಲು ಯಾರೂ ದುಡ್ಡು ಕೊಡುವುದಿಲ್ಲ. ಎದುರಾಳಿಯೇ ಇಲ್ಲದ ಬಾಕ್ಸರ್ ಸುಮ್ನೆ ವ್ಯಾಯಾಮ ಮಾಡುವ ಮನುಷ್ಯ, ಅಷ್ಟೇ. ವಾಲ್ಟರ್ ನೀಲ್ ಅನ್ನುವ ಅರ್ಥಶಾಸ್ತ್ರಜ್ಞ 1964ರಲ್ಲಿ ಇದನ್ನೇ ಹಿಡಿದು, ಆಟದ ವ್ಯಾಪಾರ ಬೇರೆ ವ್ಯಾಪಾರದ ಹಾಗಲ್ಲ, ಇದು ವಿಚಿತ್ರದ್ದು ಅಂತ ಬರೆದನಂತೆ. ಇಲ್ಲಿ ಸರಕು ಅಂದರೆ ಪಂದ್ಯ. ಅದನ್ನು ಒಬ್ಬನೇ ತಯಾರಿಸಲು ಆಗುವುದಿಲ್ಲ. ಎದುರಾಳಿ ಅಂಗಡಿಯವನೂ ನನ್ನ ಜೊತೆ ಕೂತು ಹೊಲಿದರೇನೇ ಜೆರ್ಸಿ ಆಗುತ್ತದೆ ಅಂದ ಹಾಗೆ.

ನನಗೆ ತಟ್ಟನೆ ತಾತನ ನೆನಪಾಯಿತು. ನಮ್ಮ ತಾತ ಗರಡಿ ಆಳು. ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವುದು ಅಂತ ಇರುತ್ತದೆ. ಪೈಲ್ವಾನರು ಬಂದು ನಿಲ್ಲುತ್ತಾರೆ. ತೂಕ, ಎತ್ತರ, ಅನುಭವ ನೋಡಿ ಇವನಿಗೆ ಇವನು ಸರಿ ಅಂತ ಹಿರಿಯರು ಕೈ ಕೂಡಿಸುತ್ತಾರೆ. ತಾತ ಮನೆಗೆ ಬಂದು ಮೊದಲು ಹೇಳುತ್ತಿದ್ದದ್ದು ಯಾರು ಗೆಲ್ಲುತ್ತಾರೆ ಅಂತ ಅಲ್ಲ. 'ಈ ಸಲ ಜೋಡಿ ಚೆನ್ನಾಗಿ ಬಿದ್ದಿದೆ' ಅಂತ, ಇಲ್ಲಾ 'ಜೋಡಿ ಕೆಟ್ಟಿದೆ, ನೋಡೋಕೆ ಹೋಗಬೇಡಿ' ಅಂತ. ನಾನು ಎದ್ದು ಇದನ್ನು ಹೇಳಿದೆ. ಮೇಷ್ಟ್ರು ಚಾಕ್‌ಪೀಸ್ ಕೆಳಗಿಟ್ಟು, 'ಲೂಯಿಸ್ ಶ್ಮೆಲಿಂಗ್ ಬಿಡಿ, ಇನ್ನು ಮೇಲೆ ಜೋಡಿ ಅಂತಲೇ ಹೇಳೋಣ' ಅಂದರು. ಆರೂ ವಾರ ಆ ಪದ ಬಿಡಲಿಲ್ಲ. ಇದನ್ನು ಬರೆಯುವಾಗ ಸ್ವಲ್ಪ ಜಂಬ ಆಗುತ್ತಿದೆ, ಕ್ಷಮಿಸಿ.

ಎರಡನೇ ವಾರ ಐಪಿಎಲ್. ಹುಡುಗರು ಕಾಯುತ್ತಿದ್ದದ್ದು ಇದಕ್ಕೇ. ನಾನು ನಿದ್ದೆ ಬರಬಹುದು ಅಂದುಕೊಂಡಿದ್ದೆ, ಬರಲಿಲ್ಲ. ಮೇಷ್ಟ್ರು ಒಂದು ಸಣ್ಣ ಲೆಕ್ಕದಿಂದ ಶುರುಮಾಡಿದರು. 2025ರಲ್ಲಿ ಕಪ್ ಗೆದ್ದ ಟೀಮಿಗೆ ಸಿಕ್ಕ ಬಹುಮಾನ 20 ಕೋಟಿ. ಆ ಸೀಸನ್ನಿಗಾಗಿ ನಡೆದ ಹರಾಜಿನಲ್ಲಿ ಲಕ್ನೋ ಟೀಮು ರಿಷಭ್ ಪಂತ್ ಒಬ್ಬನಿಗೇ ಕೊಟ್ಟದ್ದು 27 ಕೋಟಿ. ಆ ಸಲ ಒಂದು ಟೀಮು ಆಟಗಾರರನ್ನು ಕೊಳ್ಳಲು ಖರ್ಚು ಮಾಡಬಹುದಾಗಿದ್ದ ಮಿತಿ 120 ಕೋಟಿ. 'ಗೆದ್ದರೂ 100 ಕೋಟಿ ಕೈಬಿಡುವ ವ್ಯಾಪಾರವನ್ನು ಯಾರಾದರೂ ಮಾಡುತ್ತಾರಾ?' ಅಂತ ಕೇಳಿ ಸುಮ್ಮನಾದರು. ಟಿಕೆಟ್ ದುಡ್ಡು ಅಂದ ಒಬ್ಬ ಹುಡುಗ. ಜೆರ್ಸಿ ಅಂದೆ ನಾನು, ನನ್ನ ಬುದ್ಧಿ ಅಷ್ಟೇ. ಬ್ಯಾಂಕಿನವರು ಸರಿಯಾಗಿ ಹೇಳಿದರು: ಟಿವಿ.

2022ರಲ್ಲಿ ಐದು ವರ್ಷದ ಪ್ರಸಾರದ ಹಕ್ಕು ಮಾರಾಟವಾದದ್ದು 48,390 ಕೋಟಿಗೆ. ಅಷ್ಟು ದುಡ್ಡಿಗೆ ಮಾರಿದ್ದು 410 ಪಂದ್ಯ. ಭಾಗಿಸಿ ನೋಡಿ, ಪಂದ್ಯಕ್ಕೆ 118 ಕೋಟಿ. ಮೂರೂವರೆ, ನಾಲ್ಕು ಗಂಟೆಯ ಆಟ. ಆ ದುಡ್ಡಿನ ಒಂದು ಪಾಲನ್ನು ಕ್ರಿಕೆಟ್ ಮಂಡಳಿ ಇಟ್ಟುಕೊಂಡು, ಉಳಿದದ್ದನ್ನು ಟೀಮುಗಳಿಗೆ ಹಂಚುತ್ತದೆ. ಗಮನಿಸಬೇಕಾದ್ದು ಇಲ್ಲಿ: ಕಪ್ ಗೆದ್ದವರಿಗೂ, ಕೊನೆಗೆ ಉಳಿದವರಿಗೂ ಹೆಚ್ಚು ಕಡಿಮೆ ಒಂದೇ ಪಾಲು. ನನಗೆ ಮೊದಲು ಇದು ಅನ್ಯಾಯ ಅನ್ನಿಸಿತು. ಸೋತವನಿಗೂ ಊಟ ಯಾಕೆ? ಮೇಷ್ಟ್ರು ಬೋರ್ಡಿನ ಮೂಲೆಯಲ್ಲಿ 'ಜೋಡಿ' ಅಂತ ಬರೆದು ಅಡಿಗೆರೆ ಎಳೆದರು. ಸೋತ ಟೀಮು ಬಡವಾದರೆ ಮುಂದಿನ ವರ್ಷ ಜೋಡಿ ಕೆಡುತ್ತದೆ. ಜೋಡಿ ಕೆಟ್ಟರೆ 118 ಕೋಟಿ ಬರುವುದಿಲ್ಲ. 120 ಕೋಟಿಯ ಮಿತಿ ಇಟ್ಟಿದ್ದಕ್ಕೂ ಅದೇ ಕಾರಣ. ಇಲ್ಲದಿದ್ದರೆ ಅತಿ ಶ್ರೀಮಂತ ಮಾಲೀಕ ಒಳ್ಳೆಯವರನ್ನೆಲ್ಲ ಬಾಚಿಕೊಂಡು ಎಲ್ಲ ಪಂದ್ಯವನ್ನೂ ಗೆಲ್ಲುತ್ತಾನೆ. ಮೂರನೇ ವರ್ಷಕ್ಕೆ ನೋಡುವವರು ಎದ್ದು ಹೋಗುತ್ತಾರೆ. ಮಿತಿ ಇದ್ದರೆ ಸಂಬಳವೂ ಹಿಡಿತದಲ್ಲಿರುತ್ತದೆ, ಮಾಲೀಕರಿಗೆ ಅದೂ ಲಾಭ ಅಂತ ಬ್ಯಾಂಕಿನವರು ಗೊಣಗಿದರು. ಮೇಷ್ಟ್ರು ಹೌದು ಅಂತ ಒಪ್ಪಿಕೊಂಡರು. ಸಾಮಾನ್ಯವಾಗಿ ಮೇಷ್ಟ್ರುಗಳು ಹಾಗೆ ಒಪ್ಪುವುದಿಲ್ಲ.

ಟೀಮು ಕೊಳ್ಳುವ ಬೆಲೆಯ ಲೆಕ್ಕವೂ ಬಂತು. 2008ರಲ್ಲಿ ಬೆಂಗಳೂರು ಟೀಮು ಹೋದದ್ದು 11 ಕೋಟಿ 16 ಲಕ್ಷ ಡಾಲರಿಗೆ. 2021ರಲ್ಲಿ ಹೊಸದಾಗಿ ಬಂದ ಲಕ್ನೋ ಟೀಮಿಗೆ 7,090 ಕೋಟಿ ರೂಪಾಯಿ. ಇನ್ನೂ ಒಂದು ಪಂದ್ಯ ಆಡಿರಲಿಲ್ಲ, ಹೆಸರೂ ಇಟ್ಟಿರಲಿಲ್ಲ. ಅವರು ಕೊಂಡದ್ದು ಆಟಗಾರರನ್ನಲ್ಲ, ಟೀಮುಗಳಿಗೆ ಹಂಚುವ ದುಡ್ಡಿನ ಹತ್ತು ಪಾಲಿನಲ್ಲಿ ಒಂದು ಪಾಲು ಅಂದರು ಮೇಷ್ಟ್ರು. ಸೈಟಿನ ಭಾಷೆ. ಅದು ಬೇಗ ಅರ್ಥವಾಯಿತು.

ಆರ್‌ಸಿಬಿ ಬಗ್ಗೆ ನನ್ನ ಬಳಿಯೇ ಒಂದು ಪ್ರಶ್ನೆ ಇತ್ತು. ನನ್ನ ಅಂಗಡಿಯ ಜೆರ್ಸಿ ಒಂದು ಒಗೆತಕ್ಕೆ ಬಣ್ಣ ಬಿಟ್ಟರೆ ಆ ಗಿರಾಕಿ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಇವರು 17 ಸೀಸನ್ ಕಪ್ ಗೆಲ್ಲಲಿಲ್ಲ. ಆದರೂ ಪ್ರತಿ ಮಾರ್ಚ್‌ನಲ್ಲಿ 'ಈ ಸಲ ಕಪ್ ನಮ್ದೇ' ಅಂತ ಬರೆದ ಟಿ-ಶರ್ಟಿಗೆ ಜನ ನನ್ನ ಅಂಗಡಿ ಮುಂದೆ ನಿಲ್ಲುತ್ತಿದ್ದರು. 2025ರ ಜೂನ್ 3ಕ್ಕೆ ಕೊನೆಗೂ ಗೆದ್ದರು. ಅಷ್ಟು ವರ್ಷ ಕೆಟ್ಟ ಸರಕು ಕೊಟ್ಟರೂ ಗಿರಾಕಿ ಯಾಕೆ ಬಿಡಲಿಲ್ಲ? ಮೇಷ್ಟ್ರು ಹೇಳಿದ್ದು: ಅಭಿಮಾನಿ ಗಿರಾಕಿ ಅಲ್ಲ. ಸೋಪು ಬದಲಾಯಿಸಿದ ಹಾಗೆ ಅವನು ಟೀಮು ಬದಲಾಯಿಸುವುದಿಲ್ಲ. ಸಮಬಲದ ಪಂದ್ಯವೇ ಜನರನ್ನು ಸೆಳೆಯುತ್ತದೆ ಅನ್ನುವ ಹಳೆಯ ಮಾತನ್ನು ಆಮೇಲೆ ಬಂದ ಅಧ್ಯಯನಗಳು ಪೂರ್ತಿ ಒಪ್ಪಿಲ್ಲವಂತೆ. ತನ್ನ ಊರಿನ ಟೀಮು ಗೆಲ್ಲುವುದನ್ನು ನೋಡಲೂ ಜನ ಬರುತ್ತಾರೆ, ದೊಡ್ಡವನನ್ನು ಚಿಕ್ಕವನು ಕೆಡವುವುದನ್ನು ನೋಡಲೂ ಬರುತ್ತಾರೆ. ನನಗೆ ಈ ಉತ್ತರ ಅರ್ಧ ಮಾತ್ರ ಒಪ್ಪಿಗೆಯಾಯಿತು. ನಮ್ಮ ಮಗನಿಗೆ ಸೋಲಿನಲ್ಲೇ ಏನೋ ಸುಖ ಇತ್ತು. ಗೆದ್ದ ಮೇಲೆ ಅವನು ಸ್ವಲ್ಪ ಸಪ್ಪೆ ಆಗಿದ್ದಾನೆ.

ಅದೇ ವಾರ ಲೋಗೋ ಬಗ್ಗೆಯೂ ಬಂತು. ಟೀಮಿನ ಹೆಸರು, ಗುರುತು ಎಲ್ಲವೂ ಆಸ್ತಿ. ಅದನ್ನು ಬಳಸಲು ಪರವಾನಗಿ ಬೇಕು, ಅದಕ್ಕೆ ದುಡ್ಡು ಕೊಡಬೇಕು. ಅಧಿಕೃತ ಜೆರ್ಸಿಗೆ ಅಷ್ಟು ಬೆಲೆ ಇರುವುದಕ್ಕೆ ಅದೂ ಒಂದು ಕಾರಣ. ನಾನು ಕುರ್ಚಿಯಲ್ಲೇ ಸಣ್ಣಗೆ ಬೆವರಿದೆ. ಒಂದು ಕಾಲದಲ್ಲಿ ನಾವೂ ಒಂದಿಷ್ಟು ಲೋಗೋ ಹೊಡೆದವರೇ. ಎಲ್ಲರೂ ಹೊಡೆಯುತ್ತಿದ್ದರು, ತಪ್ಪು ಅಂತ ಯಾರೂ ಹೇಳಿರಲಿಲ್ಲ. ಈಗ ಹುಡುಗರು ಕೇಳಿದರೆ ಬಣ್ಣ ಕೊಡ್ತೀನಿ, ನಿಮ್ಮದೇ ಸಿಂಹ ಬರೆಸಿಕೊಂಡು ಬನ್ನಿ ಅಂತೇನೆ. ಹುಡುಗರು ಬರೆಸಿಕೊಂಡು ಬರುವ ಸಿಂಹಗಳು ಹೆಚ್ಚಾಗಿ ಬೆಕ್ಕಿನ ಹಾಗೆ ಇರುತ್ತವೆ.

ಮೂರನೇ ವಾರ ಆಟಗಾರನ ಸಂಬಳ. ಇದು ಸ್ವಲ್ಪ ಗಡಿಬಿಡಿಯಲ್ಲಿ ಹೋಯಿತು. ಅಮೆರಿಕದ ಬೇಸ್‌ಬಾಲ್‌ನಲ್ಲಿ ಒಮ್ಮೆ ಒಂದು ಕ್ಲಬ್ಬಿಗೆ ಸೇರಿದ ಆಟಗಾರನನ್ನು ಆ ಕ್ಲಬ್ಬು ಬಿಡುವವರೆಗೆ ಬೇರೆಯವರು ತೆಗೆದುಕೊಳ್ಳುವ ಹಾಗಿರಲಿಲ್ಲವಂತೆ. ಸೈಮನ್ ರಾಟೆನ್‌ಬರ್ಗ್ ಅನ್ನುವವರು 1956ರಲ್ಲಿ ಇದನ್ನೇ ಹಿಡಿದು ಬರೆದ ಲೇಖನದಿಂದ ಈ ಶಾಸ್ತ್ರ ಶುರುವಾಯಿತು ಅಂದರು. ಯೂರೋಪಿನ ಫುಟ್‌ಬಾಲ್‌ನಲ್ಲಿ ಕರಾರು ಮುಗಿದ ಮೇಲೂ ಹೊಸ ಕ್ಲಬ್ಬು ಹಳೆಯ ಕ್ಲಬ್ಬಿಗೆ ದುಡ್ಡು ಕೊಡಬೇಕಿತ್ತು. ಬೆಲ್ಜಿಯಂನ ಬೋಸ್ಮನ್ ಅನ್ನುವ ಸಾಧಾರಣ ಆಟಗಾರ ಕೋರ್ಟಿಗೆ ಹೋದ. 1995ರ ಡಿಸೆಂಬರ್‌ನಲ್ಲಿ ಗೆದ್ದ. ಆ ತೀರ್ಪಿನಿಂದ ಮುಂದಿನವರು ಕೋಟಿಗಟ್ಟಲೆ ದುಡಿದರು, ಅವನಿಗೆ ಮಾತ್ರ ಹೆಚ್ಚೇನೂ ದಕ್ಕಲಿಲ್ಲ. ಮೇಷ್ಟ್ರು ಇದನ್ನು ಐದು ನಿಮಿಷದಲ್ಲಿ ಮುಗಿಸಿದರು. ನನಗೆ ಇನ್ನೂ ಕೇಳಬೇಕಿತ್ತು.

ಆದರೆ ಅದೇ ಕ್ಲಾಸಿನಲ್ಲಿ ಒಂದು ಮಾತು ಚೆನ್ನಾಗಿ ನಾಟಿತು. ಒಬ್ಬ ಆಟಗಾರ ಇನ್ನೊಬ್ಬನಿಗಿಂತ ನೂರು ಪಟ್ಟು ಚೆನ್ನಾಗಿ ಆಡುವುದಿಲ್ಲ, ಸಂಬಳ ಮಾತ್ರ ಯಾಕೆ ನೂರು ಪಟ್ಟು? ಷರ್ವಿನ್ ರೋಸೆನ್ ಅನ್ನುವವರು 1981ರಲ್ಲಿ ಕೊಟ್ಟ ವಿವರಣೆ ಇದಂತೆ. ನಾನು ಎಷ್ಟೇ ಚೆನ್ನಾಗಿ ಹೊಲಿದರೂ ದಿನಕ್ಕೆ ನನ್ನ ಅಂಗಡಿಯಿಂದ ಹೊರಡುವುದು ನಲವತ್ತು ಜೆರ್ಸಿ. ಮೈಸೂರಿನ ಉಳಿದವರು ಬೇರೆ ಅಂಗಡಿಗೆ ಹೋಗಲೇಬೇಕು, ಹಾಗಾಗಿ ಸುಮಾರಾಗಿ ಹೊಲಿಯುವವನೂ ಬದುಕುತ್ತಾನೆ. ಬ್ಯಾಟ್ಸ್‌ಮನ್ ಒಂದು ಸಲ ಆಡಿದರೆ ಹತ್ತು ಜನ ನೋಡಿದರೂ, ಹತ್ತು ಕೋಟಿ ಜನ ನೋಡಿದರೂ ಅವನ ಶ್ರಮ ಅಷ್ಟೇ. ಟಿವಿ ಇರುವಾಗ ಎರಡನೇ ದರ್ಜೆಯವನನ್ನು ಯಾರು ನೋಡುತ್ತಾರೆ? ಸ್ವಲ್ಪವೇ ಮುಂದಿರುವವನು ಪೂರ್ತಿ ಬಾಚುತ್ತಾನೆ. ಮಂಡ್ಯದ ಕಬಡ್ಡಿ ಕೋಚ್ ಇದನ್ನು ಬರೆದುಕೊಂಡು, ಕೆಳಗೆ ತಮ್ಮ ಹುಡುಗರ ಹೆಸರುಗಳನ್ನು ಬರೆದರು. ಪಕ್ಕದಲ್ಲೇ ಕೂತಿದ್ದೆ, ಕಣ್ಣಿಗೆ ಬಿತ್ತು.

ಈಗ ದೂರು. ನಾಲ್ಕನೇ ಭಾನುವಾರ ಹನ್ನೊಂದಕ್ಕೆ ಹೋದರೆ ಬಾಗಿಲಿಗೆ ಬೀಗ. ಕ್ಲಾಸ್ ಇಲ್ಲ ಅಂತ ಗ್ರೂಪಿನಲ್ಲಿ ಮೆಸೇಜ್ ಬಂದದ್ದು ಹನ್ನೊಂದೂ ಹತ್ತಕ್ಕೆ. ಮಂಡ್ಯದಿಂದ ರೈಲು ಹತ್ತಿ ಬಂದ ಮನುಷ್ಯ ಮೆಟ್ಟಿಲ ಮೇಲೆ ಕೂತಿದ್ದರು. ಮೇಷ್ಟ್ರಿಗೆ ಹುಷಾರಿಲ್ಲದಿದ್ದರೆ ಏನೂ ಮಾಡುವ ಹಾಗಿಲ್ಲ, ಆದರೆ ನಡೆಸುವವರಿಗೆ ಹಿಂದಿನ ರಾತ್ರಿಯೇ ಗೊತ್ತಿತ್ತಂತೆ. ಒಂದು ವಾರ ಮುಂದೆ ಹಾಕಿ ಸರಿಮಾಡಿದರು, ನಿಜ. ಕ್ಷಮೆ ಕೇಳಿದ್ದು ಮೇಷ್ಟ್ರು, ನಡೆಸುವವರಲ್ಲ. ಇನ್ನೊಂದು: ಕ್ಲಾಸು ಕನ್ನಡದಲ್ಲಿ, ಕೊಟ್ಟ ನೋಟ್ಸು ಇಂಗ್ಲಿಷಿನಲ್ಲಿ. ಹುಡುಗರಿಗೆ ನಡೆಯುತ್ತದೆ. ನಾನು ಮೊದಲ ಪುಟ ದಾಟಲಿಲ್ಲ. ಪ್ರೊಜೆಕ್ಟರ್ ಎರಡು ಸಲ ಕೈಕೊಟ್ಟಿತು, ಅದರಿಂದ ಒಳ್ಳೆಯದೇ ಆಯಿತು. ಬೋರ್ಡಿನಲ್ಲಿ ಬರೆದಾಗ ಮೇಷ್ಟ್ರು ನಿಧಾನವಾಗುತ್ತಾರೆ.

ಹೆಣ್ಣುಮಕ್ಕಳ ಆಟಕ್ಕೆ ಕೊಟ್ಟದ್ದು ಹದಿನೈದು ನಿಮಿಷ. ನಾನು ಕೇಳಿದ್ದಕ್ಕೆ ಅಷ್ಟಾದರೂ ಸಿಕ್ಕಿತು. 2023ರಲ್ಲಿ ಮಹಿಳಾ ಲೀಗಿನ ಐದು ಟೀಮುಗಳು ಒಟ್ಟು 4,670 ಕೋಟಿಗೆ ಮಾರಾಟವಾದವು, ಐದು ವರ್ಷದ ಪ್ರಸಾರದ ಹಕ್ಕು 951 ಕೋಟಿಗೆ. ಅಂದರೆ ಟಿವಿಯಿಂದ ಬರುವ ದುಡ್ಡಿನ ಸುಮಾರು ಐದು ಪಟ್ಟನ್ನು ಮಾಲೀಕರು ಮೊದಲೇ ಸುರಿದಿದ್ದಾರೆ. ಮುಂದೆ ಬೆಳೆಯುತ್ತದೆ ಅನ್ನುವ ನಂಬಿಕೆಯ ಮೇಲೆ. ಬೆಂಗಳೂರಿನ ಹುಡುಗಿಯರು 2024ರಲ್ಲೇ, ಗಂಡಸರಿಗಿಂತ ಮುಂಚೆ ಕಪ್ ತಂದರು. ಆ ವಾರ ನನ್ನ ಅಂಗಡಿಗೆ 'ಮಂಧಾನ' ಅಂತ ಬೆನ್ನಿಗೆ ಬರೆಸಲು ಬಂದವರಲ್ಲಿ ಅರ್ಧ ಜನ ಗಂಡುಹುಡುಗರು. ಇದನ್ನು ಒಂದು ಪೂರ್ತಿ ಕ್ಲಾಸು ಮಾಡಬಹುದಿತ್ತು. ಕಬಡ್ಡಿಗೆ ಇನ್ನೂ ಕಡಿಮೆ ಸಿಕ್ಕಿತು, ಕೋಚ್ ಪಾಪ ಕೊನೆಯವರೆಗೂ ಕಾದರು.

ಮುಂದೂಡಿದ ನಾಲ್ಕನೇ ಕ್ಲಾಸು ಸ್ಟೇಡಿಯಂ ಮತ್ತು ಊರಿನ ದುಡ್ಡಿನ ಬಗ್ಗೆ. ನನಗೆ ಎಲ್ಲಕ್ಕಿಂತ ಉಪಯೋಗವಾದದ್ದು ಇದು. ಮೈಸೂರಿಗೆ ದೊಡ್ಡ ಅಂತಾರಾಷ್ಟ್ರೀಯ ಸ್ಟೇಡಿಯಂ ಬೇಕು, ಬಂದರೆ ಊರಿನ ವ್ಯಾಪಾರವೆಲ್ಲ ಏಳುತ್ತದೆ ಅನ್ನುವ ಮಾತು ವರ್ಷಗಳಿಂದ ಕೇಳುತ್ತಿದ್ದೇವೆ. ನಾನೂ ಅದನ್ನೇ ನಂಬಿದ್ದೆ. ಮೇಷ್ಟ್ರು ಕೇಳಿದರು: 'ಪಂದ್ಯಕ್ಕೆ ಎರಡು ಸಾವಿರ ಖರ್ಚು ಮಾಡಿದವರು ಆ ತಿಂಗಳು ಬೇರೆ ಏನನ್ನು ಬಿಡುತ್ತಾರೆ?' ಸಿನಿಮಾ ಬಿಡುತ್ತಾರೆ, ಹೋಟೆಲ್ ಬಿಡುತ್ತಾರೆ, ಒಂದು ಸೀರೆ ಮುಂದಕ್ಕೆ ಹಾಕುತ್ತಾರೆ. ಊರಿನವರ ದುಡ್ಡು ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಯಿತು, ಹೊಸದಾಗಿ ಹುಟ್ಟಲಿಲ್ಲ. ಹೊರಗಿನಿಂದ ಬಂದವರ ದುಡ್ಡು ಮಾತ್ರ ಹೊಸದು. ಅದರಲ್ಲೂ ದಸರಾ ವಾರದಲ್ಲಿ ಪಂದ್ಯ ಇಟ್ಟರೆ ರೂಮು ಸಿಗದೆ ದಸರಾ ನೋಡಲು ಬರುವವರು ಬರುವುದಿಲ್ಲ. ಸ್ಟೇಡಿಯಂ ಕಟ್ಟಿದರೆ ಊರು ಉದ್ಧಾರವಾಗುತ್ತದೆ ಅನ್ನುವುದನ್ನು ಲೆಕ್ಕ ಹಾಕಿ ನೋಡಿದ ಅರ್ಥಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಒಪ್ಪುವುದಿಲ್ಲವಂತೆ.

ಆಮೇಲೆ ಮಾಂಟ್ರಿಯಲ್ ಕಥೆ. 1976ರ ಒಲಿಂಪಿಕ್ಸ್. ಗಂಡಸಿಗೆ ಮಗು ಹುಟ್ಟುವುದು ಎಷ್ಟು ಸಾಧ್ಯವೋ ಒಲಿಂಪಿಕ್ಸ್‌ನಲ್ಲಿ ನಷ್ಟ ಆಗುವುದೂ ಅಷ್ಟೇ ಸಾಧ್ಯ ಅಂದಿದ್ದರಂತೆ ಅಲ್ಲಿನ ಮೇಯರ್ ಜೀನ್ ಡ್ರಾಪೋ. ಸ್ಟೇಡಿಯಂ ಸಾಲ ತೀರಿದ್ದು 2006ರಲ್ಲಿ. ಮೂವತ್ತು ವರ್ಷದ ಬಾಣಂತನ, ಅಂದೆ ನಾನು. ಕ್ಲಾಸಿನಲ್ಲಿ ನನಗೆ ಸಿಕ್ಕ ಒಂದೇ ಚಪ್ಪಾಳೆ ಅದು.

ಇದರ ಜೊತೆಗೇ ಒಂದು ಹತ್ತಿರದ ಮಾತು. 2025ರ ಜೂನ್ 4ರಂದು, ಆರ್‌ಸಿಬಿ ಗೆದ್ದ ಮಾರನೇ ದಿನ, ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಹತ್ತಿರದ ಕಾಲ್ತುಳಿತದಲ್ಲಿ 11 ಜನ ಸತ್ತರು. ಅದಾದ ಮೇಲೆ ಆಗಸ್ಟ್‌ನ ಮಹಾರಾಜ ಟ್ರೋಫಿ, ಅಂದರೆ ನಮ್ಮ ರಾಜ್ಯದ ಟಿ20 ಲೀಗು, ನಮ್ಮ ಮೈಸೂರಿಗೆ ಬಂತು, ಒಡೆಯರ್ ಮೈದಾನಕ್ಕೆ. ಆದರೆ ಪ್ರೇಕ್ಷಕರಿಗೆ ಪ್ರವೇಶ ಇರಲಿಲ್ಲ. ಊರಿಗೆ ಆಟ ಬರುತ್ತದೆ ಅಂತ ನಾನು ಮೈಸೂರು ಟೀಮಿನ ಬಣ್ಣದ ಬಟ್ಟೆ ಎರಡು ಥಾನು ಜಾಸ್ತಿ ತರಿಸಿದ್ದೆ, ಈಗಲೂ ಅಟ್ಟದ ಮೇಲಿದೆ. ಚುರುಮುರಿಯವರಿಗೂ ಏನೂ ಸಿಗಲಿಲ್ಲ. ಆದರೂ ಆಟ ನಡೆಯಿತು, ಟಿವಿಯಲ್ಲಿ ಬಂತು. 2020ರಲ್ಲಿ ಐಪಿಎಲ್ ಅನ್ನು ಖಾಲಿ ಸ್ಟೇಡಿಯಂಗಳಲ್ಲಿ ಅರಬರ ದೇಶದಲ್ಲಿ ಆಡಿಸಲಿಲ್ಲವಾ? ಜನ ಇಲ್ಲದಿದ್ದರೂ ದೊಡ್ಡ ಆಟ ನಡೆಯುತ್ತದೆ. ಕ್ಯಾಮೆರಾ ಇಲ್ಲದಿದ್ದರೆ ನಡೆಯುವುದಿಲ್ಲ. ಎರಡನೇ ವಾರದ 118 ಕೋಟಿ ನನಗೆ ಸರಿಯಾಗಿ ಇಳಿದದ್ದು ಅಟ್ಟದ ಮೇಲಿನ ಆ ಎರಡು ಥಾನು ನೆನಪಾದಾಗಲೇ.

ಐದನೇ ಕ್ಲಾಸು ಹೊರಗೆ. ಬೋಗಾದಿ ಕಡೆಯ ಒಂದು ಟರ್ಫ್ ಮೈದಾನಕ್ಕೆ ಕರೆದುಕೊಂಡು ಹೋದರು. ಬಲೆ ಕಟ್ಟಿ, ಹಸಿರು ಹುಲ್ಲಿನ ಚಾಪೆ ಹಾಸಿ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಜಾಗ. ಮಾಲೀಕ ಮೂವತ್ತರ ಒಳಗಿನ ಹುಡುಗ, ಲೆಕ್ಕ ಮುಚ್ಚಿಡಲಿಲ್ಲ. ತಿಂಗಳಿಗೆ ಜಾಗದ ಬಾಡಿಗೆ 55,000, ಇಬ್ಬರು ಹುಡುಗರ ಸಂಬಳ 28,000, ಕರೆಂಟು 12,000, ರಿಪೇರಿ 5,000. ಅಲ್ಲಿಗೆ ಒಂದು ಲಕ್ಷ. ಹಾಕಿದ ಬಂಡವಾಳ 22 ಲಕ್ಷ. ಚಾಪೆ ಐದು ವರ್ಷ ಬಾಳುತ್ತದೆ ಅಂದುಕೊಂಡರೆ ತಿಂಗಳಿಗೆ ಇನ್ನೂ 36,000 ಚಿಲ್ಲರೆ. ಗಂಟೆಗೆ ಸರಾಸರಿ 900 ರೂಪಾಯಿ ಸಿಗುತ್ತದೆ. ಹಾಗಾದರೆ ತಿಂಗಳಿಗೆ 152 ಗಂಟೆ, ದಿನಕ್ಕೆ ಐದು ಗಂಟೆ ಮಾರಿದರೆ ಅಸಲು. ಆರನೇ ಗಂಟೆಯಿಂದ ಲಾಭ. ವಾರದ ದಿನ ಸಂಜೆ ಮೂರು ಗಂಟೆಯಷ್ಟೇ ತುಂಬುತ್ತದೆ, ಶನಿವಾರ ಭಾನುವಾರ ಬೆಳಗಿನ ಜಾವದಿಂದ ತುಂಬಿರುತ್ತದೆ. ಮಳೆಗಾಲದಲ್ಲಿ ದೇವರೇ ಗತಿ.

ಇಲ್ಲಿ ಮೇಷ್ಟ್ರು ಹೇಳಿದ್ದು ನನಗೆ ತುಂಬ ಹಿಡಿಸಿತು. ನಿಮ್ಮ ಜೆರ್ಸಿ ಇವತ್ತು ಹೋಗದಿದ್ದರೆ ನಾಳೆ ಹೋಗುತ್ತದೆ. ಇವನ ಮಧ್ಯಾಹ್ನ ಎರಡು ಗಂಟೆ ಇವತ್ತು ಹೋಗದಿದ್ದರೆ ಹೋಯಿತು, ದೇವರಾಜ ಮಾರ್ಕೆಟ್ಟಿನ ಕೊತ್ತಂಬರಿ ಸೊಪ್ಪಿನ ಹಾಗೆ. ಅದಕ್ಕೇ ಮಧ್ಯಾಹ್ನ 500ಕ್ಕೆ ಕೊಡುತ್ತಾನೆ, ಸಂಜೆ 1,100 ಕೇಳುತ್ತಾನೆ. ಸ್ಟೇಡಿಯಂ ಸೀಟಿನ ಕಥೆಯೂ ಇದೇ. ನಾನು ಅಲ್ಲೇ ಒಂದು ತಕರಾರು ತೆಗೆದೆ. ಎದುರು ರಸ್ತೆಯಲ್ಲಿ ಇನ್ನೊಂದು ಟರ್ಫ್ ಎದ್ದಿದೆಯಲ್ಲ, ಅದು ಮುಚ್ಚಿದರೆ ಈ ಹುಡುಗನಿಗೆ ಲಾಭ ತಾನೇ, ನಿಮ್ಮ ಜೋಡಿ ಎಲ್ಲಿ ಹೋಯಿತು? ಮೇಷ್ಟ್ರು ಬಲೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು. 'ಇವನು ಮಾರುವುದು ಜಾಗ. ಪಂದ್ಯ ಮಾರುವವರಿಗೆ ಮಾತ್ರ ಜೋಡಿ ಬೇಕು. ಜಾಗ ಮಾರುವವನು ನಿಮ್ಮ ಹಾಗೇ ಅಂಗಡಿಯವನು.' ಟರ್ಫ್ ಹುಡುಗ ತಲೆ ಅಲ್ಲಾಡಿಸಿದ. ಎದುರಿನವನು ಬಂದ ಮೇಲೆ ಅವನು ಸಂಜೆಯ ದರವನ್ನು 200 ಇಳಿಸಿದ್ದನಂತೆ.

ಆರನೇ ಕ್ಲಾಸು ಪ್ರಶ್ನೋತ್ತರ ಅಂತ ಹೆಸರು. ಹುಡುಗರು ಮತ್ತೆ ಐಪಿಎಲ್ ಹರಾಜಿಗೇ ಹೋದರು, ನನಗೆ ಬೇಸರ ಬಂತು. ಬಡಾವಣೆ ಲೀಗುಗಳ ಲೆಕ್ಕ ಮಾಡೋಣ ಅಂತ ನಾನೇ ಎಳೆದೆ. ಹದಿನಾರು ಟೀಮು, ಟೀಮಿಗೆ 3,000 ಪ್ರವೇಶ ಶುಲ್ಕ, ಬಂದದ್ದು 48,000. ಮೊದಲ ಬಹುಮಾನ 25,000, ಎರಡನೆಯದು 15,000, ಅಲ್ಲಿಗೆ 40,000 ಹೋಯಿತು. ಬಾಲು, ಅಂಪೈರು, ಶಾಮಿಯಾನ, ಮೈಕು, ಊಟ, ಆಳೆತ್ತರದ ಟ್ರೋಫಿ? ಉಳಿದ 8,000ದಲ್ಲಿ ಶಾಮಿಯಾನವೂ ಬರುವುದಿಲ್ಲ. ಮತ್ತೆ ಹೇಗೆ ನಡೆಯುತ್ತದೆ? ಉತ್ತರ ನನ್ನ ಅಂಗಡಿಯಲ್ಲೇ ಇಪ್ಪತ್ತು ವರ್ಷದಿಂದ ನೇತಾಡುತ್ತಿದೆ. ಜೆರ್ಸಿಯ ಬೆನ್ನಿಗೆ ಆಟಗಾರನ ಹೆಸರು, ಎದೆಗೆ ಯಾರದೋ ಹೆಸರು. ಬೆನ್ನಿನವನು ಆಡುತ್ತಾನೆ, ಎದೆಯವನು ದುಡ್ಡು ಕೊಡುತ್ತಾನೆ. ಚುನಾವಣೆ ಹತ್ತಿರ ಬಂದ ವರ್ಷ ಎದೆಯ ಅಕ್ಷರ ಎರಡು ಇಂಚು ದೊಡ್ಡದಾಗುತ್ತದೆ. ನನ್ನ ಆರ್ಡರೂ ಎರಡು ಪಟ್ಟಾಗುತ್ತದೆ. ಪ್ರಾಯೋಜಕರ ಪಾಠ ಬೇರೆ ಬೇಕಿರಲಿಲ್ಲ.

ಹಾಗಾದರೆ ಸೇರಬಹುದಾ? ಆಟದ ಹುಚ್ಚು ಇದ್ದು ದುಡ್ಡಿನ ಕಡೆ ಗೊತ್ತಿಲ್ಲದವರು, ಇಲ್ಲಾ ನನ್ನ ಹಾಗೆ ಆಟ ಗೊತ್ತಿಲ್ಲದೆ ಆಟದಿಂದ ಬದುಕುವವರು ಖಂಡಿತ ಸೇರಬಹುದು. ಒಂದು ಕ್ಲಾಸಿಗೆ 300 ರೂಪಾಯಿ ಜಾಸ್ತಿ ಅಲ್ಲ. ಬೆಟ್ಟಿಂಗ್ ಆ್ಯಪಿನಲ್ಲಿ ಹೇಗೆ ಗೆಲ್ಲಬೇಕು ಅಂತ ಕಲಿಸುತ್ತಾರೆ ಅಂದುಕೊಂಡು ಬಂದ ಇಬ್ಬರು ಹುಡುಗರು ಎರಡನೇ ವಾರಕ್ಕೇ ಬಿಟ್ಟರು. ಅದು ಇಲ್ಲಿ ಸಿಗುವುದಿಲ್ಲ. ಅರ್ಥಶಾಸ್ತ್ರ ಓದಿದವರಿಗೆ ಮೊದಲೆರಡು ವಾರ ಸಪ್ಪೆ ಅನ್ನಿಸಬಹುದು. ನಡೆಸುವವರಿಗೆ ಐದರಲ್ಲಿ ಎರಡು, ಮೇಷ್ಟ್ರಿಗೆ ಐದರಲ್ಲಿ ನಾಲ್ಕೂವರೆ. ಅರ್ಧ ಕಡಿಮೆ ಮಾಡಿದ್ದು ಕಬಡ್ಡಿ ಕೋಚ್ ಪರವಾಗಿ.

ಮುಂದಿನ ಬ್ಯಾಚಿಗೆ ಶುಲ್ಕ 2,200 ಮಾಡುತ್ತಾರಂತೆ. ನೋಟ್ಸು ಕನ್ನಡದಲ್ಲಿ ಕೊಡುತ್ತೇವೆ ಅಂದಿದ್ದಾರೆ. ಕೊಡದಿದ್ದರೆ ಕೇಳಿ, ಬಿಡಬೇಡಿ. ಮನೆಯಿಂದ ಒಂದು ದಿಂಬು ತೆಗೆದುಕೊಂಡು ಹೋಗಿ. ಮಹಾರಾಜ ಟ್ರೋಫಿಗೆ ತರಿಸಿದ ಆ ಎರಡು ಥಾನು ಬಟ್ಟೆ ಬೇಕಿದ್ದವರು ಅಂಗಡಿಗೆ ಬನ್ನಿ, ಅಸಲಿಗೇ ಕೊಡುತ್ತೇನೆ.